ಸ್ವಂತ ಜಮೀನಿನ ಮರ ಕಡಿಯಲು ಅನುಮತಿ: ಅರ್ಜಿಯಿಂದ ರಹದಾರಿಯವರೆಗೆ

ಬದುವಿನಲ್ಲಿ ನಾವೇ ನೆಟ್ಟು ಬೆಳೆಸಿದ ತೇಗ ಕಡಿಯಲು ಯಾರನ್ನು ಕೇಳಬೇಕು? ಪಹಣಿ ನಮ್ಮ ಹೆಸರಿನಲ್ಲೇ ಇದ್ದರೂ ಅರ್ಜಿ ಯಾಕೆ ಮುಂದಕ್ಕೆ ಹೋಗುತ್ತಿಲ್ಲ? ಕಡಿಯಲು ಆದೇಶ ಸಿಕ್ಕಿದ ಮೇಲೂ ಲಾರಿಯನ್ನು ತಡೆದರಲ್ಲ, ಅದು ಸರಿಯೇ? ರೈತರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕರ್ನಾಟಕದ ಹಳ್ಳಿಗಳಲ್ಲಿ ಖಾಸಗಿ ಜಮೀನಿನ ಮರಗಳಿಗೆ ಅನ್ವಯಿಸುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದೆ. ನಗರದೊಳಗಿನ ಮನೆ ಅಂಗಳದ ಮರಗಳ ವ್ಯವಸ್ಥೆ ಬೇರೆ, ಅದನ್ನು ಇಲ್ಲಿ ಮುಟ್ಟಿಲ್ಲ.

ಒಂದು ವಿಷಯ ಮೊದಲೇ ತಿಳಿದಿರಲಿ. ಅರ್ಜಿಗಳು ತಿಂಗಳುಗಟ್ಟಲೆ ನಿಲ್ಲುವುದು ಹೆಚ್ಚಾಗಿ ನೆಲದ ಕಾರಣಕ್ಕೆ. ಮರ ಯಾವ ಜಾತಿ, ಎಷ್ಟು ಬಲಿತಿದೆ ಎಂಬುದನ್ನು ಅಧಿಕಾರಿ ಒಂದೇ ಭೇಟಿಯಲ್ಲಿ ನೋಡಿ ಬರೆಯಬಲ್ಲರು. ಆ ಮರ ನಿಂತ ನೆಲ ನಿಮ್ಮದೇ, ಅದರ ಗಡಿ ಎಲ್ಲಿದೆ, ಮರದ ಮೇಲೆ ಸರ್ಕಾರದ ಹಕ್ಕು ಉಳಿದಿದೆಯೇ ಎಂಬ ಪ್ರಶ್ನೆಗಳಿಗೆ ಕಾಗದದಲ್ಲಿ ಉತ್ತರ ಇಲ್ಲದಿದ್ದರೆ ಕಡತ ಅಲ್ಲೇ ಕೂರುತ್ತದೆ. ಹಾಗಾಗಿ ಈ ಲೇಖನದಲ್ಲಿ ಅರ್ಜಿಗಿಂತ ಮುಂಚಿನ ತಯಾರಿಗೇ ಹೆಚ್ಚು ಜಾಗ ಕೊಟ್ಟಿದೆ.

ಅನುಮತಿ ಯಾವ ಮರಕ್ಕೆ ಬೇಕು, ಯಾವುದಕ್ಕೆ ಬೇಡ

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ 8ನೇ ಪ್ರಕರಣದ ಪ್ರಕಾರ, ನಿಮ್ಮ ಸ್ವಂತ ಜಮೀನಿನ ಮರವನ್ನು ಕಡಿಯುವುದಕ್ಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ವೃಕ್ಷ ಅಧಿಕಾರಿ ಎಂದರೆ ಈ ಕಾಯ್ದೆಯಡಿ ಅನುಮತಿ ಕೊಡುವ ಅಧಿಕಾರ ಪಡೆದ ಅರಣ್ಯಾಧಿಕಾರಿ. ಮರಗಳ ಸಂಖ್ಯೆ ಮತ್ತು ಜಾತಿ ನೋಡಿಕೊಂಡು ಆದೇಶಕ್ಕೆ ಸಹಿ ಹಾಕುವವರು ಬದಲಾಗುತ್ತಾರೆ. ಆದರೆ ನಿಮ್ಮ ಓಡಾಟ ಶುರುವಾಗುವುದು ವಲಯ ಅರಣ್ಯಾಧಿಕಾರಿಯ, ಅಂದರೆ ಆರ್‌ಎಫ್‌ಒ ಅವರ ಕಚೇರಿಯಿಂದಲೇ.

ಕಾಯ್ದೆಯೇ ಕೆಲವು ಜಾತಿಗಳಿಗೆ ವಿನಾಯಿತಿ ಕೊಟ್ಟಿದೆ. ತೆಂಗು, ನೀಲಗಿರಿ, ಗಾಳಿ ಮರ, ಸಿಲ್ವರ್ ಓಕ್, ರಬ್ಬರ್, ಸುಬಾಬುಲ್, ಗ್ಲಿರಿಸಿಡಿಯಾ, ಹಾಲವಾಣ, ಬಳ್ಳಾರಿ ಜಾಲಿ, ಅಗಸೆ ಇವು ಆ ಪಟ್ಟಿಯಲ್ಲಿವೆ. ಪಟ್ಟಿ ಕಾಲಕಾಲಕ್ಕೆ ಬದಲಾಗುವುದರಿಂದ, ನಿಮ್ಮ ಮರ ಇದರಲ್ಲಿ ಇಲ್ಲದಿದ್ದರೆ ಈಗ ಜಾರಿಯಲ್ಲಿರುವ ಪಟ್ಟಿಯನ್ನು ಆರ್‌ಎಫ್‌ಒ ಕಚೇರಿಯಲ್ಲೇ ನೋಡಿ.

ಇಲ್ಲಿ ಎಡವುವವರು ಬಹಳ. ವಿನಾಯಿತಿ ಇರುವುದು ಕಡಿಯುವುದಕ್ಕೆ, ಸಾಗಿಸುವುದಕ್ಕೆ ಬೇರೆಯೇ ನಿಯಮ. ಕಡಿಯಲು ಅನುಮತಿ ಬೇಡ ಎಂದ ಮಾತ್ರಕ್ಕೆ ಲಾರಿಗೆ ಪಾಸ್ ಬೇಡ ಎಂದು ತಿಳಿಯಬೇಡಿ, ಹೇರುವ ಮುನ್ನ ಎರಡನ್ನೂ ಬೇರೆ ಬೇರೆಯಾಗಿ ಕೇಳಿಕೊಳ್ಳಿ. ಇನ್ನು ವಿನಾಯಿತಿ ಪಡೆದ ಮರವೇ ಆದರೂ ಸರ್ಕಾರಿ ನೆಲದಲ್ಲಿದ್ದರೆ ಅದು ನಿಮ್ಮದಲ್ಲ.

ಶ್ರೀಗಂಧದ ದಾರಿ ಬೇರೆ. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಜಮೀನಿನ ಹಿಡುವಳಿದಾರರೇ ಅಲ್ಲಿನ ಗಂಧದ ಮರದ ಒಡೆಯರು. ಬೆಳೆಯಲು ಯಾರನ್ನೂ ಕೇಳಬೇಕಿಲ್ಲ. ಕಡಿಯಲು, ಸಾಗಿಸಲು, ಮಾರಲು ಮಾತ್ರ ಪ್ರತ್ಯೇಕ ನಿಯಮಗಳಿವೆ. ಕೆಳಗೆ ಹೇಳುವ ಕ್ರಮವನ್ನು ಗಂಧಕ್ಕೆ ಅನ್ವಯಿಸಿಕೊಂಡು ಒಣಗಿದ ಮರವೆಂದು ನೀವೇ ಕಡಿದರೆ ಅದು ಗಂಭೀರ ಅಪರಾಧವಾಗುತ್ತದೆ.

ಹಂತ 1: ನೆಲದ ದಾಖಲೆ ಸರಿಮಾಡಿಕೊಳ್ಳಿ

ಅರ್ಜಿ ಬರೆಯುವ ಮುನ್ನ ಈಚಿನ ಪಹಣಿಯ ಪ್ರತಿ ತೆಗೆದು ನಿಧಾನವಾಗಿ ಓದಿ.

9ನೇ ಕಾಲಂನಲ್ಲಿ ಯಾರ ಹೆಸರಿದೆ? ತೀರಿಹೋದ ತಂದೆಯದೋ ಅಜ್ಜನದೋ ಹೆಸರಿದ್ದರೆ ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಿಕೊಳ್ಳಿ. ಜಂಟಿ ಖಾತೆಯಾಗಿದ್ದರೆ ಎಲ್ಲ ಪಾಲುದಾರರ ಒಪ್ಪಿಗೆ ಪತ್ರ ನೋಟರಿ ಸಹಿಯೊಂದಿಗೆ ಬೇಕು. ಊರು ಬಿಟ್ಟು ಮುಂಬೈನಲ್ಲೋ ದುಬೈನಲ್ಲೋ ಇರುವ ತಮ್ಮನ ಸಹಿ ಇಲ್ಲದೆ ನಿಂತ ಕಡತಗಳು ಪ್ರತಿ ವಲಯ ಕಚೇರಿಯಲ್ಲೂ ಇರುತ್ತವೆ. ಅವರು ಊರಿಗೆ ಬಂದಾಗಲೇ ಪತ್ರ ಮಾಡಿಸಿಡಿ.

11ನೇ ಕಾಲಂನಲ್ಲಿ ಸಾಲದ ನಮೂದು ಇದೆಯೇ ನೋಡಿ. ಇದ್ದರೆ ಬ್ಯಾಂಕಿನಿಂದಲೋ ಸಹಕಾರ ಸಂಘದಿಂದಲೋ ನಿರಾಕ್ಷೇಪಣಾ ಪತ್ರ ತನ್ನಿ. ಸಾಲ ತೀರಿಸಿ ವರ್ಷವಾಗಿದ್ದರೂ ಪಹಣಿಯಲ್ಲಿ ಹಳೆಯ ನಮೂದು ಹಾಗೇ ಉಳಿದಿರುವುದುಂಟು. ಋಣಮುಕ್ತ ಪತ್ರ ಕೊಟ್ಟು ಅದನ್ನು ತೆಗೆಸಿ.

ಖರಾಬಿನ ವಿಸ್ತೀರ್ಣವನ್ನು ಬಿಡಬೇಡಿ. 'ಅ' ಖರಾಬು ಎಂದರೆ ನಿಮ್ಮ ಹಿಡುವಳಿಯೊಳಗಿನ ಬಂಡೆ, ದಿಬ್ಬದಂಥ ಸಾಗುವಳಿಗೆ ಬಾರದ ನೆಲ. 'ಬ' ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟ ನೆಲ. 'ಬ' ಖರಾಬಿನ ಮರಗಳು ನಿಮ್ಮ ಬೇಲಿಯೊಳಗಿದ್ದರೂ ನಿಮ್ಮ ಅರ್ಜಿಯಲ್ಲಿ ಸೇರುವಂತಿಲ್ಲ. ಹಳ್ಳದ ದಂಡೆಯ ಮರಗಳ ವಿಷಯದಲ್ಲಿ ಇದು ಪದೇ ಪದೇ ಎದುರಾಗುವ ತಕರಾರು.

ಮುಂದಿನದು, ಈ ಜಮೀನು ನಿಮಗೆ ಬಂದ ಬಗೆ. ಹಿಂದಿನಿಂದ ಬಂದ ಹಿಡುವಳಿಯಾದರೆ ತೊಡಕು ಕಡಿಮೆ. ದರಖಾಸ್ತು ಅಥವಾ ಬಗರ್ ಹುಕುಂನಲ್ಲಿ, ಅಂದರೆ ಅರ್ಜಿಯ ಮೇಲೆ ಅಥವಾ ಸಾಗುವಳಿ ಸಕ್ರಮ ಮಾಡಿ ಸರ್ಕಾರದಿಂದ ಮಂಜೂರಾದ ಜಮೀನಾದರೆ ಸಾಗುವಳಿ ಚೀಟಿ ಮತ್ತು ಮಂಜೂರಾತಿ ಆದೇಶ ಎರಡನ್ನೂ ಹುಡುಕಿ ತೆಗೆಯಿರಿ. ಮಂಜೂರಾದಾಗ ಅಲ್ಲಿ ನಿಂತಿದ್ದ ತೇಗ, ಬೀಟೆ, ಹೊನ್ನೆಯಂಥ ಮರಗಳ ಮೌಲ್ಯವನ್ನು ಸರ್ಕಾರಕ್ಕೆ ಕಟ್ಟಿರದಿದ್ದರೆ ಅವುಗಳ ಹಕ್ಕು ಸರ್ಕಾರದಲ್ಲೇ ಉಳಿದಿರುತ್ತದೆ. ಕಟ್ಟಿದ್ದರೆ ಆ ಚಲನ್ ನಿಮ್ಮ ಬಹುಮುಖ್ಯ ದಾಖಲೆ. ಹಳೆಯ ಚಲನ್ ಸಿಗದಿದ್ದರೆ ಮಂಜೂರಾತಿ ಕಡತದ ದೃಢೀಕೃತ ನಕಲಿಗೆ ತಾಲೂಕು ಕಚೇರಿಯಲ್ಲಿ ಅರ್ಜಿ ಹಾಕಿ.

ಮಲೆನಾಡು, ಕರಾವಳಿ, ಕೊಡಗಿನವರು ಇನ್ನೂ ಒಂದು ಹೆಜ್ಜೆ ಎಚ್ಚರ ವಹಿಸಬೇಕು. ಸೊಪ್ಪಿನಬೆಟ್ಟ, ಕುಮ್ಕಿ, ಕಾನೆ, ಬಾಣೆಗಳಲ್ಲಿ, ಅಂದರೆ ಹಿಡುವಳಿಗೆ ಹೊಂದಿಕೊಂಡು ಸವಲತ್ತಿಗೆ ಬಿಟ್ಟ ನೆಲಗಳಲ್ಲಿ, ಸೊಪ್ಪು, ಸೌದೆ ತರುವ ಸವಲತ್ತು ಇರುವುದು ನಿಜ, ಆದರೆ ಸವಲತ್ತು ಬೇರೆ, ನಾಟಾ (ಮರಮುಟ್ಟು) ಕಡಿದು ಮಾರುವ ಹಕ್ಕು ಬೇರೆ. ಕೊಡಗಿನ ಬಾಣೆಗಳಲ್ಲಿ ಮರಗಳ ಮೌಲ್ಯ ಕಟ್ಟಿ ಬಿಡಿಸಿಕೊಂಡ 'ರಿಡೀಮ್ಡ್' ಜಮೀನು, ಬಿಡಿಸಿಕೊಳ್ಳದ 'ಅನ್‌ರಿಡೀಮ್ಡ್' ಜಮೀನು ಎಂಬ ಭೇದವಿದೆ. ಎರಡನೆಯದರಲ್ಲಿ ಮರದ ಹಕ್ಕು ಸರ್ಕಾರದ್ದು. ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಸಿಕ್ಕ ನೆಲವೂ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯುತ್ತದೆ, ಅಲ್ಲಿನ ಮರಗಳಿಗೆ ಈ ಲೇಖನದ ಕ್ರಮ ಹೊಂದುವುದಿಲ್ಲ.

ಕೊನೆಗೆ, ನಿಮ್ಮ ಸರ್ವೆ ನಂಬರು ಅರಣ್ಯ ಕಾಯ್ದೆಯ 4ನೇ ಅಥವಾ 17ನೇ ಪ್ರಕರಣದ ಅಧಿಸೂಚನೆಯಲ್ಲಿ, ಇಲ್ಲವೇ ಪರಿಭಾವಿತ ಅರಣ್ಯದ (ಅಧಿಸೂಚನೆಯಾಗದಿದ್ದರೂ ಅರಣ್ಯದ ಲಕ್ಷಣವಿದೆ ಎಂದು ಗುರುತಿಸಿದ ನೆಲದ) ಪಟ್ಟಿಯಲ್ಲಿ ಇದೆಯೇ ಎಂದು ಆರ್‌ಎಫ್‌ಒ ಕಚೇರಿಯಲ್ಲಿ ಬಾಯಿಮಾತಿನಲ್ಲಾದರೂ ವಿಚಾರಿಸಿ. 4ನೇ ಪ್ರಕರಣ ಎಂದರೆ ಅರಣ್ಯ ಮಾಡುವ ಉದ್ದೇಶ ಸಾರುವ ಅಧಿಸೂಚನೆ, 17 ಎಂದರೆ ಮೀಸಲು ಅರಣ್ಯವೆಂದು ಅಂತಿಮವಾಗಿ ಘೋಷಿಸುವುದು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಆದೇಶದಿಂದಾಗಿ, ಒಡೆತನ ಯಾರದೇ ಇರಲಿ, ದಾಖಲೆಯಲ್ಲಿ ಅರಣ್ಯವೆಂದಿರುವ ನೆಲದಲ್ಲಿ ಮರ ಕಡಿಯಲು ಸ್ಥಳೀಯ ಅಧಿಕಾರಿ ತಾವಾಗಿ ಅನುಮತಿ ಕೊಡುವಂತಿಲ್ಲ. ಇಂಥ ನಮೂದು ಇದ್ದರೆ ಮೊದಲು ಅದನ್ನು ಇತ್ಯರ್ಥ ಮಾಡಿಕೊಳ್ಳಬೇಕು.

ಹಂತ 2: ಗಡಿ ಗುರುತಿಸಿ

ನಿಮ್ಮ ಜಮೀನಿನ ಪಕ್ಕದಲ್ಲಿ ಅರಣ್ಯ, ಗೋಮಾಳ ಅಥವಾ ರಸ್ತೆ ಇದೆಯೇ? ಹಾಗಿದ್ದರೆ ಅರ್ಜಿಗೂ ಮುಂಚೆ ಮೋಜಿಣಿಯಲ್ಲಿ, ಅಂದರೆ ಸರ್ವೆ ಇಲಾಖೆಯ ಅರ್ಜಿ ವ್ಯವಸ್ಥೆಯಲ್ಲಿ, ಹದ್ದುಬಸ್ತಿಗೆ ಅರ್ಜಿ ಹಾಕಿ. ಹದ್ದುಬಸ್ತು ಎಂದರೆ ಸರ್ವೆಯರ್ ಬಂದು ಅಳತೆ ಮಾಡಿ ಗಡಿ ಕಲ್ಲು ತೋರಿಸುವುದು. ಗಡಿಯಲ್ಲಿ ಸಂಶಯವಿದ್ದರೆ ಅರಣ್ಯ ಇಲಾಖೆಯವರು ಕಂದಾಯ ಇಲಾಖೆಯೊಂದಿಗೆ ಜಂಟಿ ಸರ್ವೆ ಕೇಳುತ್ತಾರೆ, ಎರಡು ಇಲಾಖೆಗಳ ಸರ್ವೆಯರುಗಳು ಒಂದೇ ದಿನ ಸಿಗುವುದು ಸುಲಭವಲ್ಲ. ಹದ್ದುಬಸ್ತಿನ ನಕ್ಷೆ ಮೊದಲೇ ಕೈಯಲ್ಲಿದ್ದರೆ ಈ ಸುತ್ತು ಎಷ್ಟೋ ಸಲ ತಪ್ಪುತ್ತದೆ. ಒಂದೇ ಸರ್ವೆ ನಂಬರಿನಲ್ಲಿ ಹಲವು ಖಾತೆದಾರರಿದ್ದು ಪೋಡಿ ಆಗಿಲ್ಲದಿದ್ದರೆ, ಅಂದರೆ ಪಾಲುಗಳು ನಕ್ಷೆಯಲ್ಲಿ ಬೇರೆಯಾಗಿಲ್ಲದಿದ್ದರೆ, ಅದೂ ಈಗಲೇ ಆಗಲಿ.

ಗಡಿಯ ಮೇಲೇ ನಿಂತ ಮರಗಳನ್ನು ಅರ್ಜಿಯಿಂದ ಕೈಬಿಡುವುದು ಒಳ್ಳೆಯದು. ಎರಡು ಮರದ ಆಸೆಗೆ ಇಪ್ಪತ್ತು ಮರದ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಬೇಡ.

ಹಂತ 3: ಮರಗಳ ಪಟ್ಟಿ ನೀವೇ ಮಾಡಿ

ಇಲಾಖೆಯವರು ಬಂದು ಎಣಿಸುತ್ತಾರೆ, ನಿಜ. ಆದರೂ ನಿಮ್ಮದೇ ಪಟ್ಟಿ ಇರಲಿ. ಕ್ರಮಸಂಖ್ಯೆ, ಜಾತಿ, ಸುತ್ತಳತೆ, ಅಂದಾಜು ಎತ್ತರ, ಕಡಿಯಲು ಕಾರಣ ಇಷ್ಟು ಅಂಕಣಗಳು ಸಾಕು. ಸುತ್ತಳತೆಯನ್ನು ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ ಟೇಪು ಸುತ್ತಿ ಅಳೆಯಬೇಕು. ಇಳಿಜಾರಿನಲ್ಲಿದ್ದರೆ ಏರಿನ ಬದಿಯಿಂದ ಎತ್ತರ ಹಿಡಿಯಿರಿ. ಟೇಪು ಓರೆಯಾಗಬಾರದು, ಬಳ್ಳಿ ಸುತ್ತಿದ್ದರೆ ಸರಿಸಿ ಅಳೆಯಿರಿ. ಪ್ರತಿ ಮರಕ್ಕೂ ಬಣ್ಣದಲ್ಲಿ ಸಂಖ್ಯೆ ಬರೆದು ಫೋಟೊ ತೆಗೆದಿಡಿ.

ಕಾರಣ ಬರೆಯುವಾಗ ಕಾಯ್ದೆ ಹೇಳುವ ಕಾರಣಗಳನ್ನೇ ಬಳಸಿ: ಒಣಗಿದೆ, ರೋಗ ತಗಲಿದೆ, ಗಾಳಿಗೆ ಬಿದ್ದಿದೆ, ಬಲಿತಿದೆ, ಜೀವಕ್ಕೆ ಅಥವಾ ಆಸ್ತಿಗೆ ಅಪಾಯವಿದೆ, ಸಂಚಾರಕ್ಕೆ ಅಡ್ಡಿಯಾಗಿದೆ, ಬೆಂಕಿ ಅಥವಾ ಸಿಡಿಲಿಗೆ ಹಾಳಾಗಿದೆ. 'ಮನೆ ಖರ್ಚಿಗೆ ಹಣ ಬೇಕು' ಎಂಬುದು ನಿಮ್ಮ ನಿಜವಾದ ಕಾರಣವಿರಬಹುದು, ಆದರೆ ಅಧಿಕಾರಿ ಆದೇಶದಲ್ಲಿ ಬರೆಯಬಲ್ಲ ಕಾರಣ ಅದಲ್ಲ. ಬಲಿತ ಮರವೇ ಆಗಿದ್ದರೂ ಕಡಿದಾದ ಇಳಿಜಾರಿನಲ್ಲಿದ್ದರೆ ಅನುಮತಿ ಕಷ್ಟ. ಮಣ್ಣು ಹಿಡಿದಿರುವ ಮರಗಳನ್ನು ಉಳಿಸುವ ಈ ನಿಯಮ ಮಲೆನಾಡಿನಲ್ಲಿ ಬೇಕಾದದ್ದೇ.

ಹಂತ 4: ಅರ್ಜಿ

ಇಲಾಖೆಯ ನಮೂನೆಯಲ್ಲಿ ಅರ್ಜಿ ತುಂಬಿ ಇವನ್ನು ಲಗತ್ತಿಸಿ: ಪಹಣಿ, ಮ್ಯುಟೇಶನ್ ಪ್ರತಿ, ಸರ್ವೆ ನಕ್ಷೆ, ಮರಗಳ ಪಟ್ಟಿ, ಆಧಾರ್ ಪ್ರತಿ, ಬೇಕಿದ್ದಲ್ಲಿ ಒಪ್ಪಿಗೆ ಪತ್ರ, ನಿರಾಕ್ಷೇಪಣಾ ಪತ್ರ, ಮಂಜೂರಾತಿ ಆದೇಶ. ಪೂರ್ತಿ ಕಟ್ಟಿನ ಒಂದು ನಕಲು ಮನೆಯಲ್ಲಿರಲಿ.

ಆನ್‌ಲೈನಿನಲ್ಲಿ ಹಾಕಿದರೂ ಕಚೇರಿಯಲ್ಲಿ ಕೊಟ್ಟರೂ ಸಕಾಲ ಸ್ವೀಕೃತಿ ಪಡೆಯದೆ ಬರಬೇಡಿ. ಸಕಾಲ ಎಂದರೆ ಸರ್ಕಾರಿ ಸೇವೆಯನ್ನು ನಿಗದಿತ ದಿನಗಳೊಳಗೆ ಕೊಡಬೇಕೆನ್ನುವ ರಾಜ್ಯದ ವ್ಯವಸ್ಥೆ. ಸ್ವೀಕೃತಿಯಲ್ಲಿ ನಿಮ್ಮ ಅರ್ಜಿಯನ್ನು ಗುರುತಿಸುವ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ ಮತ್ತು ಸೇವೆ ಕೊಡಬೇಕಾದ ಕೊನೆಯ ದಿನಾಂಕ ಇರುತ್ತದೆ. 'ಇಟ್ಟು ಹೋಗಿ, ಆಮೇಲೆ ನೋಡೋಣ' ಎಂದು ಪಡೆದ ಅರ್ಜಿಗೆ ದಿನಗಳ ಲೆಕ್ಕವೇ ಶುರುವಾಗಿರುವುದಿಲ್ಲ.

ತಿಂಗಳನ್ನೂ ನೋಡಿ ಅರ್ಜಿ ಹಾಕಬೇಕು. ಮಳೆ ಕಡಿಮೆಯಾಗುವ ಸೆಪ್ಟೆಂಬರ್ ಕೊನೆ, ಅಕ್ಟೋಬರಿನಲ್ಲಿ ಕೊಟ್ಟರೆ ಪರಿಶೀಲನೆ, ಆದೇಶ, ಕಡಿತ, ಸಾಗಣೆ ಎಲ್ಲವೂ ಮುಂದಿನ ಮಳೆಗಾಲದೊಳಗೆ ಮುಗಿಯಬಲ್ಲವು. ಮಾರ್ಚಿನಲ್ಲಿ ಕೊಟ್ಟು, ಮೇ ಕೊನೆಗೆ ಆದೇಶ ಬಂದು, ಲಾರಿ ಇಳಿಯದ ಕೆಸರು ದಾರಿಯಲ್ಲಿ ನಾಟಾ ಕೊಳೆಯುವುದು ಮಲೆನಾಡಿನಲ್ಲಿ ವರ್ಷವೂ ಕಾಣುವ ನಷ್ಟ.

ಹಂತ 5: ಸ್ಥಳ ಪರಿಶೀಲನೆ ಮತ್ತು ಆದೇಶ

ಉಪ ವಲಯ ಅರಣ್ಯಾಧಿಕಾರಿ ಮತ್ತು ಗಸ್ತು ಅರಣ್ಯ ಪಾಲಕರು ಬರುತ್ತಾರೆ. ಆ ದಿನ ನೀವು ಅಲ್ಲಿರಲೇಬೇಕು. ಗಡಿ ಕಲ್ಲು ಕಾಣುವಂತೆ ಪೊದೆ ಸವರಿಡಿ. ಅವರು ಬರೆದ ಸಂಖ್ಯೆ, ಜಾತಿ, ಸುತ್ತಳತೆಯನ್ನು ನಿಮ್ಮ ಪಟ್ಟಿಯೊಂದಿಗೆ ತಾಳೆ ನೋಡಿ, ವ್ಯತ್ಯಾಸವಿದ್ದರೆ ಮಹಜರಿಗೆ ಸಹಿ ಹಾಕುವ ಮುನ್ನವೇ ಹೇಳಿ. ಮಹಜರು ಎಂದರೆ ಸ್ಥಳದಲ್ಲಿ ಕಂಡದ್ದನ್ನು ಸಾಕ್ಷಿಗಳ ಎದುರು ಬರೆದುಕೊಳ್ಳುವ ದಾಖಲೆ. ಖಾಲಿ ಹಾಳೆಗೆ ಸಹಿ ಬೇಡ, ಯಾರು ಕೇಳಿದರೂ ಬೇಡ.

ವರದಿ ಮೇಲಕ್ಕೆ ಹೋಗಿ ಆದೇಶವಾಗುತ್ತದೆ. ಕೇಳಿದ್ದರಲ್ಲಿ ಕೆಲವೇ ಮರಗಳಿಗೆ ಅನುಮತಿ ಸಿಗಬಹುದು. ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು, 'ಆಗೋದಿಲ್ಲ' ಎಂಬ ಬಾಯಿಮಾತು ನಿರಾಕರಣೆಯಲ್ಲ. ಲಿಖಿತ ನಿರಾಕರಣೆಯ ಮೇಲೆ ವೃಕ್ಷ ಪ್ರಾಧಿಕಾರಕ್ಕೆ, ಅಂದರೆ ಇದೇ ಕಾಯ್ದೆಯಡಿ ವೃಕ್ಷ ಅಧಿಕಾರಿಗಿಂತ ಮೇಲಿರುವ ಮಂಡಳಿಗೆ, ಮೇಲ್ಮನವಿ ಹಾಕಬಹುದು. ಆದೇಶ ನಿಮ್ಮ ಕೈಸೇರಿದ ದಿನಾಂಕವನ್ನು ಅದರ ಮೇಲೇ ಬರೆದಿಟ್ಟು ತಡಮಾಡದೆ ಹಾಕಿ.

ಸಕಾಲದ ದಿನಾಂಕ ದಾಟಿಯೂ ಉತ್ತರವಿಲ್ಲದಿದ್ದರೆ ಜಿಎಸ್‌ಸಿ ಸಂಖ್ಯೆ ಹಾಕಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಕೊಡಿ. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮೊತ್ತ ಸಣ್ಣದು, ಆದರೆ ಅದು ಸಂಬಂಧಪಟ್ಟ ನೌಕರರ ಹೆಸರಿಗೆ ದಾಖಲಾಗುವುದರಿಂದ ಕಡತ ಅಲುಗಾಡುತ್ತದೆ. ಕಡತ ಯಾರ ಮೇಜಿನಲ್ಲಿ ಎಷ್ಟು ದಿನ ಇತ್ತು ಎಂಬುದು ಬೇಕಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು.

ಯಾವುದೇ ಶುಲ್ಕ, ಠೇವಣಿ, ಮರದ ಮೌಲ್ಯವನ್ನು ಚಲನ್ ಮೂಲಕವೇ ಕಟ್ಟಿ.

ಹಂತ 6: ಕಡಿಯುವುದು

ಆದೇಶದಲ್ಲಿ ಮೂರು ಸಂಗತಿ ನೋಡಿ: ಎಷ್ಟು ಮರ, ಯಾವ ಸಂಖ್ಯೆಯ ಮರ, ಯಾವ ದಿನಾಂಕದೊಳಗೆ. ಅವಧಿ ಮೀರುವಂತಿದ್ದರೆ ಮುಗಿಯುವ ಮುನ್ನವೇ ವಿಸ್ತರಣೆ ಕೇಳಿ.

ಮರಕ್ಕೆ ಸಾಮಾನ್ಯವಾಗಿ ಎರಡು ಕಡೆ ಗುರುತು ಹಾಕಿರುತ್ತಾರೆ, ಒಂದು ಕಾಂಡದ ಮೇಲೆ, ಇನ್ನೊಂದು ಬುಡದಲ್ಲಿ. ಬುಡದ ಗುರುತು ನೆಲದಲ್ಲಿ ಉಳಿಯುವ ಕೊರಡಿನಲ್ಲೇ ಇರುವಂತೆ ಅದರ ಮೇಲೆ ಕೊಯ್ಯಬೇಕು. ಒಂದು ಗೇಣು ನಾಟಾ ಹೆಚ್ಚು ಸಿಗಲೆಂದು ಗುರುತನ್ನೂ ಸೇರಿಸಿ ಕೊಯ್ದರೆ, ಆ ದಿಮ್ಮಿ ಅನುಮತಿ ಪಡೆದ ಮರದ್ದೇ ಎಂದು ತೋರಿಸಲು ದಾರಿಯೇ ಇರುವುದಿಲ್ಲ. ಗರಗಸದವರಿಗೆ ಇದನ್ನು ಕೆಲಸಕ್ಕೆ ಮುನ್ನ ತೋರಿಸಿ ಹೇಳಿ.

ದಿಮ್ಮಿಗಳನ್ನು ಒಂದೆಡೆ ಜೋಡಿಸಿ, ಉದ್ದ ಮತ್ತು ನಡುವಿನ ಸುತ್ತಳತೆ ಬರೆದ ಪಟ್ಟಿ ಮಾಡಿ. ಘನಗಾತ್ರ ತೆಗೆಯುವುದು ಹೀಗೆ: ಸುತ್ತಳತೆಯ ನಾಲ್ಕನೇ ಒಂದು ಭಾಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ. ನಡುವಿನ ಸುತ್ತಳತೆ 1.2 ಮೀಟರ್, ಉದ್ದ 3 ಮೀಟರ್ ಇರುವ ದಿಮ್ಮಿಗೆ 0.3 × 0.3 × 3, ಅಂದರೆ 0.27 ಘನ ಮೀಟರ್, ಸುಮಾರು 9.5 ಘನ ಅಡಿ. ಈ ಕಾಲುಸುತ್ತಿನ ಲೆಕ್ಕ ದಿಮ್ಮಿಯ ನಿಜವಾದ ಗಾತ್ರಕ್ಕಿಂತ ಸುಮಾರು ನೂರಕ್ಕೆ 21ರಷ್ಟು ಕಡಿಮೆ ತೋರಿಸುತ್ತದೆ. ವ್ಯಾಪಾರಿ ಯಾವ ಲೆಕ್ಕದಲ್ಲಿ ಬೆಲೆ ಹೇಳುತ್ತಿದ್ದಾರೆ ಎಂದು ಕಡಿಯುವ ಮುನ್ನವೇ ಒಪ್ಪಂದ ಮಾಡಿಕೊಳ್ಳಿ.

ವ್ಯಾಪಾರಿಯ ಕೈಗೆ ಎಲ್ಲವನ್ನೂ ಬಿಟ್ಟುಕೊಡುವುದು ಈ ಇಡೀ ದಾರಿಯ ದೊಡ್ಡ ಅಪಾಯ. 'ಪೇಪರ್ ಕೆಲಸ ನಾನು ನೋಡಿಕೊಳ್ಳುತ್ತೇನೆ' ಎಂದು ಸಹಿ ಪಡೆದವರು ನಿಮ್ಮ ಹೆಸರಿನ ಆದೇಶದಡಿ ಬೇರೆ ಕಡೆಯ ಮರವನ್ನೂ ಸಾಗಿಸಿದರೆ, ಮೊಕದ್ದಮೆಯಲ್ಲಿ ಮೊದಲ ಹೆಸರು ನಿಮ್ಮದೇ. ಆದೇಶದ ಮೂಲ ಪ್ರತಿ ನಿಮ್ಮಲ್ಲಿರಲಿ, ಪ್ರತಿ ಲೋಡಿನ ದಿಮ್ಮಿ ಎಣಿಸಿ ಬರೆದುಕೊಳ್ಳಿ.

ಹಂತ 7: ರಹದಾರಿ

ರಹದಾರಿ ಎಂದರೆ ನಾಟಾ ಸಾಗಿಸಲು ಕೊಡುವ ಪಾಸ್. ಕಡಿಯುವ ಆದೇಶ ತೋರಿಸಿ ಲಾರಿ ದಾಟಿಸಲಾಗದು. ಅಧಿಕಾರಿಗಳು ದಿಮ್ಮಿಗಳನ್ನು ಕೊರಡುಗಳೊಂದಿಗೆ ತಾಳೆ ನೋಡಿ, ಇಲಾಖೆಯ ಮುದ್ರೆಯಿರುವ ಸುತ್ತಿಗೆಯಿಂದ ಗುರುತು ಹಾಕಿದ ಮೇಲೆ ರಹದಾರಿ ಸಿಗುತ್ತದೆ. ಆಸ್ತಿ ಗುರುತು, ಅಂದರೆ ನಾಟಾ ನಿಮ್ಮದೆಂದು ತೋರಿಸುವ ನೋಂದಾಯಿತ ಮುದ್ರೆ ಬೇಕಾದ ಕಡೆ ಅದನ್ನು ಆದೇಶ ಬರುವ ಹೊತ್ತಿಗೇ ನೋಂದಾಯಿಸಿಕೊಳ್ಳಿ.

ರಹದಾರಿಯಲ್ಲಿ ವಾಹನದ ಸಂಖ್ಯೆ, ದಾರಿ, ತಲುಪುವ ಜಾಗ, ಅವಧಿ ಬರೆದಿರುತ್ತದೆ. ಇದರಲ್ಲಿ ಒಂದು ತಪ್ಪಿದರೂ ನಾಟಾ ಅಕ್ರಮ ಸಾಗಣೆಯಾಗುತ್ತದೆ. ಅರಣ್ಯ ಕಾಯ್ದೆಯ 71-ಎ ಪ್ರಕರಣದಡಿ ವಾಹನವನ್ನೂ ಮುಟ್ಟುಗೋಲು ಹಾಕಿಕೊಳ್ಳಬಹುದು. ಲಾರಿ ಕೆಟ್ಟು ಬೇರೆ ವಾಹನಕ್ಕೆ ಹೇರಬೇಕಾದರೆ ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ, ರಹದಾರಿಯಲ್ಲಿ ಬರೆಸಿಕೊಂಡೇ ಮುಂದೆ ಹೋಗಿ. ಹೊರರಾಜ್ಯಕ್ಕೆ ಕಳುಹಿಸುವುದಾದರೆ, ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ದೇಶದ ಮಟ್ಟದಲ್ಲಿ ಆರಂಭಿಸಿದ ರಾಷ್ಟ್ರೀಯ ಸಾಗಣೆ ಪಾಸ್ ವ್ಯವಸ್ಥೆಯಲ್ಲಿ ನಿಮ್ಮ ಜಾತಿಯ ಮರಕ್ಕೆ ಯಾವ ಪಾಸ್ ಎಂದು ಮೊದಲೇ ಕೇಳಿ.

ಮತ್ತೆ ನೆಡುವುದು, ಪ್ರೋತ್ಸಾಹಧನ ಪಡೆಯುವುದು

ಆದೇಶದಲ್ಲಿ ಇಷ್ಟು ಸಸಿ ನೆಡಬೇಕೆಂಬ ಷರತ್ತು ಇರುತ್ತದೆ. ಅದನ್ನು ಪೂರೈಸದವರ ಮುಂದಿನ ಅರ್ಜಿಗೆ ಅದೇ ಅಡ್ಡಿ. ಹೊಸದಾಗಿ ನೆಡುವವರಿಗೆ 2011-12ರಿಂದ ನಡೆಯುತ್ತಿರುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಿದೆ. ಸ್ವಂತ ಜಮೀನಿನಲ್ಲಿ ಸಸಿ ನೆಡಲು ಅನುಮತಿ ಬೇಡ, ಆದರೆ ಈ ಯೋಜನೆಯಲ್ಲಿ ನೋಂದಾಯಿಸಿದರೆ ಎರಡು ಲಾಭ: ಬದುಕುಳಿದ ಸಸಿಗೆ ಹಣ, ಮತ್ತು ಮರ ನೀವೇ ನೆಟ್ಟದ್ದೆಂಬ ಇಲಾಖೆಯದೇ ದಾಖಲೆ. ಇಪ್ಪತ್ತು ವರ್ಷದ ನಂತರ ಕಡಿಯಲು ಅರ್ಜಿ ಹಾಕುವಾಗ ಎರಡನೆಯದರ ಬೆಲೆ ತಿಳಿಯುತ್ತದೆ.

ಆರ್‌ಎಫ್‌ಒ ಕಚೇರಿಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಕೊಟ್ಟು ನೋಂದಾಯಿಸಬೇಕು. ಹೆಕ್ಟೇರಿಗೆ ಗರಿಷ್ಠ 400 ಸಸಿ, ಎಕರೆಗೆ ಸುಮಾರು 160. ತೋಪಿನಂತೆ ನೆಟ್ಟರೆ ಇದು 5 ಮೀಟರ್ ಅಂತರಕ್ಕೆ ಸರಿಹೊಂದುತ್ತದೆ. ಬದುಕುಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ ನಿಗದಿಯಾಗಿದೆ. ಒಂದು ಎಕರೆಯಲ್ಲಿ 160 ನೆಟ್ಟು ಮೂರು ವರ್ಷದ ಎಣಿಕೆಯಲ್ಲಿ ಕ್ರಮವಾಗಿ 140, 130, 125 ಉಳಿದವು ಎನ್ನಿ. 4,900, 5,200 ಮತ್ತು 6,250 ಸೇರಿ 16,350 ರೂಪಾಯಿ ಆಗುತ್ತದೆ.

ನೀಲಗಿರಿ, ಅಕೇಶಿಯಾ, ಸಿಲ್ವರ್ ಓಕ್, ಗಾಳಿ, ರಬ್ಬರ್, ತೆಂಗು, ಅಡಿಕೆ, ಕಾಫಿ, ಕಿತ್ತಳೆ, ಕಸಿ ಮಾವು ಇದಕ್ಕೆ ಸೇರುವುದಿಲ್ಲ. ತೇಗ, ಹೆಬ್ಬೇವು, ಹೊನ್ನೆ, ಹಲಸು, ಬೇವಿನಂಥವನ್ನು ಆರಿಸಿ.

ಹಣ ಬಾರದಿರಲು ಮುಖ್ಯ ಕಾರಣಗಳು ಎರಡು. ಸಸಿ ತಂದ ನರ್ಸರಿಯ ರಸೀದಿ ಕಳೆದುಕೊಳ್ಳುವುದು ಒಂದು. ನೋಂದಣಿ ಒಬ್ಬರ ಹೆಸರಿನಲ್ಲಿ, ಬ್ಯಾಂಕ್ ಖಾತೆ ಇನ್ನೊಬ್ಬರ ಹೆಸರಿನಲ್ಲಿ ಇರುವುದು ಇನ್ನೊಂದು. ಪಹಣಿ, ಆಧಾರ್, ಪಾಸ್‌ಬುಕ್ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಆಗಿರಲಿ, ಖಾತೆಗೆ ಆಧಾರ್ ಜೋಡಣೆಯಾಗಿರಲಿ. ಗುಂಡಿ ತೋಡುವ ಕೆಲಸ ಬೇಸಿಗೆಯಲ್ಲೇ ಮುಗಿಸಿ, ಮೊದಲ ಹದ ಮಳೆಗೆ ನೆಟ್ಟು, ಒಣಗಿದ ಸಸಿಯ ಜಾಗಕ್ಕೆ ಅದೇ ಮಳೆಗಾಲದಲ್ಲಿ ಬೇರೆ ಸಸಿ ಹಾಕಿ. ಎಣಿಕೆಗೆ ಬರುವ ದಿನ ತೋಟದಲ್ಲಿದ್ದು ಸಾಲು ಸಾಲಾಗಿ ತೋರಿಸಿ, ಅವರು ಬರೆದ ಸಂಖ್ಯೆಯನ್ನು ನಿಮ್ಮ ಪುಸ್ತಕದಲ್ಲೂ ದಿನಾಂಕದೊಂದಿಗೆ ಬರೆದುಕೊಳ್ಳಿ.